ಬೌಲರ್ ಚಿಕ್ಕೀರಪ್ಪನಿಗೆ ಸನ್ಮಾನ

ಉಳ್ಳಾರ್ತಿ ಕಾವಲಿನ ಅಂಚಿನ ಕುರಿಗಾಹಿಗಳ ಹಟ್ಟಿಯಿಂದ ಬೆಂಗಳೂರಿಗೆ ಓದಲು ಹೋದ ಮೊದಲಿಗ ಚಿಕ್ಕೀರಪ್ಪ. ಚಳ್ಳಕೆರೆಯ ಮೇಷ್ಟ್ರು ಮಾರಯ್ಯನವರು ಕಚೇರಿಗಳಿಗೆ ಅಲೆದು, 1904ರಲ್ಲಿ ಅವನನ್ನು ಕಾಲೇಜಿಗೆ ಸೇರಿಸಿದರು. ಪಾಠ ಅವನ ತಲೆಗೆ ಹತ್ತುತ್ತಿರಲಿಲ್ಲ. ಕ್ರಿಕೆಟ್ ಚೆಂಡು ಮಾತ್ರ ಕೈಗೆ ಬಂದ ದಿನದಿಂದಲೇ ಅವನು ಹೇಳಿದಂತೆ ಕೇಳಿತು. ದಂಡಿನ ಬಿಳಿಯರ ತಂಡದ ಏಳು ಜನರನ್ನು ಒಂದೇ ಮಧ್ಯಾಹ್ನ ಔಟ್ ಮಾಡಿದಾಗ ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಆ ಆಟ ನೋಡಿದ ಮದರಾಸಿನ ಒಂದು ಕ್ಲಬ್ಬು ಸಂಬಳ ಕೊಟ್ಟು ಕರೆದುಕೊಂಡಿತು. ಚಿಕ್ಕೀರಪ್ಪ ಪರೀಕ್ಷೆಗೆ ಕೂರದೆ ಹೋದ. ಬೆಳಿಗ್ಗೆ, ಸಂಜೆ ಸಾಹೇಬರ ಬ್ಯಾಟಿಗೆ ಚೆಂಡು ಹಾಕುವುದು ಕೆಲಸ. ದೊಡ್ಡ ಪಂದ್ಯವಿದ್ದರೆ ಮಾತ್ರ ತಂಡದಲ್ಲಿ ಜಾಗ. ಊಟ ಅಡಿಗೆಮನೆಯ ಹಿಂದೆ. ಏಳನೆಯ ವರ್ಷ ಬಲಭುಜದೊಳಗೆ ಏನೋ ಹರಿದು, ಕೈ ಎದೆಯ ಮಟ್ಟಕ್ಕೂ ಏಳದಾಯಿತು. ತಿಂಗಳೊಳಗೆ ಕ್ಲಬ್ಬಿನವರು ಬೇರೊಬ್ಬನನ್ನು ತಂದರು.

ಹಟ್ಟಿಗೆ ಮರಳಿ ಅಣ್ಣ ದೊಡ್ಡೀರಪ್ಪನ ಕುರಿ ಕಾದ. ಒಂದೇ ಕೈಯಲ್ಲಿ ಟಗರು ಹಿಡಿಯಲಾಗದು, ಉಣ್ಣೆ ಕತ್ತರಿಸಲಾಗದು. ಹೆಂಡತಿ ಪಾಲಮ್ಮ ಅವನ ಪಾಲನ್ನೂ ಮಾಡುತ್ತಿದ್ದಳು, ಅಣ್ಣ ನೋಡುತ್ತಿದ್ದ.

1919ರಲ್ಲಿ ಕಾಲೇಜಿನಿಂದ ಕಾಗದ ಬಂತು. ಹಳೆಯ ಆಟಗಾರನಿಗೆ ಸನ್ಮಾನವಂತೆ.

"ಹೋಗ್ಬರ್ರಿ," ಎಂದಳು ಪಾಲಮ್ಮ. "ಅಲ್ಲೇ ಏನಾರ ಕೆಲ್ಸ ಐತೇನೋ ಕೇಳ್ರಿ. ಸಿಕ್ರೆ ನಾನೂ ಬರ್ತೀನಿ."

ಪ್ರಿನ್ಸಿಪಾಲರು ಶಾಲು ಹೊದಿಸಿದರು, ಬೆಳ್ಳಿ ಪದಕ ತೊಡಿಸಿದರು. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಚಿಕ್ಕೀರಪ್ಪ ಹೊಟ್ಟೆಯ ಮಟ್ಟದಲ್ಲೇ ಕೈ ಮುಗಿದ. ವಿನಯವಂತ ಎಂದುಕೊಂಡರು.

ಮರುದಿನ ಅವನು ಪ್ರಿನ್ಸಿಪಾಲರ ಕೋಣೆಗೆ ಹೋದ. ಅವರು ತಾವೇ ಕುರ್ಚಿ ಎಳೆದು ಕೊಟ್ಟರು. ಅವನು ಕೂರಲಿಲ್ಲ.

"ಸ್ವಾಮಿ, ಮೈದಾನ ನೋಡ್ಕಳ್ಳೋ ಕೆಲ್ಸ ಖಾಲಿ ಐತಂತೆ. ಎಡಗೈಲಿ ನೀರು ಹಾಕ್ತೀನಿ, ಕಸ ಗುಡಿಸ್ತೀನಿ."

ಪ್ರಿನ್ಸಿಪಾಲರ ಮುಖ ಕೆಂಪಾಯಿತು. "ನಿನ್ನೆ ಶಾಲು ಹೊದಿಸಿಕೊಂಡವರ ಕೈಗೆ ಇವತ್ತು ಪೊರಕೆ ಕೊಡೋದು ಹೇಗೆ, ಚಿಕ್ಕೀರಪ್ಪನವರೇ? ಗುಮಾಸ್ತರ ಕೆಲಸ ಕೊಡೋಣ ಅಂದರೆ ನೀವು ಪರೀಕ್ಷೆ ಪಾಸು ಮಾಡಿಲ್ಲ."

"ನಂಗೇನೂ ನಾಚ್ಕೆ ಇಲ್ಲ ಸ್ವಾಮಿ."

"ನಮಗಿದೆಯಲ್ಲ," ಎಂದರು ಅವರು, ಮೆಲ್ಲಗೆ.

ಹಟ್ಟಿಯ ಬಾಗಿಲಲ್ಲೇ ಪಾಲಮ್ಮ ಕೇಳಿದಳು. "ಏನಂದ್ರು?"

"ದೊಡ್ಡ ಮನುಷ್ಯ ಅಂದ್ರು."

ಅವಳು ಶಾಲನ್ನು ಮಡಿಸಿ ಒಳಗಿಟ್ಟಳು.

ಆ ಬೇಸಿಗೆಯಲ್ಲಿ ದೊಡ್ಡೀರಪ್ಪ ಕುರಿ ಕಾಯಲು ಎರಡೂ ಕೈ ನೆಟ್ಟಗಿದ್ದ ಆಳನ್ನು ಇಟ್ಟುಕೊಂಡ. ಗಂಡಹೆಂಡತಿ ಮೊಳಕಾಲ್ಮೂರಿನ ರಸ್ತೆಗೆ ಜಲ್ಲಿ ಹೊರಲು ಹೋದರು. ಪಾಲಮ್ಮ ಮೊದಲು ಅವನ ತಲೆಗೆ ಬುಟ್ಟಿ ಎತ್ತಿಡುತ್ತಿದ್ದಳು, ಆಮೇಲೆ ತನ್ನದನ್ನು ತಾನೇ ಎತ್ತಿಕೊಳ್ಳುತ್ತಿದ್ದಳು.