ಫೈರ್‌ವಾಲ್ ವರದಿ ಕೈತಪ್ಪಿತು

ಗೆಳೆಯರೇ, ಇವತ್ತು ಹೊಟ್ಟೆ ಉರಿದುಹೋಯಿತು. ನಮ್ಮ ಕಾರವಾರದ ಆಫೀಸಿನಲ್ಲಿ ಬೇಡದ ಸೈಟುಗಳಿಗೆ ಅಡ್ಡ ನಿಲ್ಲುವ ಫೈರ್‌ವಾಲ್ ಯಾವ ಕಂಪ್ಯೂಟರನ್ನು ಎಷ್ಟು ಸಲ ತಡೆಯಿತೆಂಬ ದಾಖಲೆಯನ್ನು, ಅಂದರೆ ಲಾಗನ್ನು, ಪ್ರಿಂಟ್ ತೆಗೆದು, ಸ್ಕೇಲಿಟ್ಟು, ಕೆಂಪು ಗೀಟೆಳೆದು ಸಾಹೇಬರಿಗೆ ವರದಿ ಒಪ್ಪಿಸುವ ಗೌರವ ಆರು ವರ್ಷದಿಂದ ನನ್ನದು. ಮಾಜಾಳಿಯಿಂದ ಬರುವ ಹೊಸ ಸಹೋದ್ಯೋಗಿ ಸುಷ್ಮಾ ಆ ಲಾಗನ್ನು ತಾನೇ ಓದಿ ಲೆಕ್ಕ ಹಾಕುವ ಹತ್ತು ಸಾಲಿನ ಕಂಪ್ಯೂಟರ್ ಸ್ಕ್ರಿಪ್ಟ್ ಬರೆದು, ನಾನು ಚಾ ಕುಡಿಯುವಷ್ಟರಲ್ಲಿ ಆ ಕೆಲಸ ಮುಗಿಸಿದಳು.

"ಅದು ಸರಿ ಹೇಳ್ತದೆ ಅಂತ ಎಂತ ಗ್ಯಾರಂಟಿ? ಸಾಹೇಬ್ರ ಮುಂದೇ ಓಡ್ಸು, ನೋಡ್ವ," ಎಂದೆ.

ಓಡಿಸಿದಳು. ಅತಿ ಹೆಚ್ಚು ಸಲ ತಡೆಸಿಕೊಂಡ ಕಂಪ್ಯೂಟರು ನನ್ನದೇ. ಎಲ್ಲವೂ ಕ್ರಿಕೆಟ್ ಸ್ಕೋರಿನ ಸೈಟು.

"ನಾಯ್ಕರೇ, ನಿಮ್ಮ ವರದಿಲಿ ಇದು ಒಂದ್ ದಿನಾನೂ ಬರ್ಲಿಲ್ವಲ್ಲ ಮಾರಾಯ್ರೆ?" ಎಂದರು ಸಾಹೇಬರು.

ನಾಳೆಯಿಂದ ವರದಿ ಸುಷ್ಮಾಳದ್ದು. ಯಾವ ಸಾಲನ್ನು ಓದದೆ ಬಿಡಬೇಕೆಂಬ ಅನುಭವ ಸ್ಕ್ರಿಪ್ಟಿಗೆ ಎಲ್ಲಿಂದ ಬರಬೇಕು, ಹೇಳಿ!