ಎಮೋ ಹಾಡಿಗೆ ಅತ್ತ ಝೊಹರಾಬಿ

ಗೆಳೆಯರೇ, ಇವತ್ತು ಗಲ್ಫಿನ ಬುದಯ್ಯದ ನಮ್ಮ ಫ್ಲ್ಯಾಟಿನಲ್ಲಿ ಮಗಳು ಬ್ರಿಟನ್ನಿನ, ಮನಸ್ಸಿನ ನೋವನ್ನೇ ಕಿರುಚಿ ಹಾಡುವ ಎಮೋ ರಾಕ್ ಬ್ಯಾಂಡೊಂದರ ಆಲ್ಬಂ ಜೋರಾಗಿ ಹಾಕಿದ್ದಳು. ಪಕ್ಕದ ಮನೆಯ, ಉಳ್ಳಾಲದ ಝೊಹರಾಬಿ ಗಾಬರಿಯಿಂದ ಓಡಿಬಂದರು.

"ಎಂತ ಆಯ್ತು? ಯಾರು ಹಾಗೆ ಬೊಬ್ಬೆ ಹೊಡೆಯುವುದು?"

"ಹಾಡು ಆಂಟಿ. ಈ ಬ್ಯಾಂಡಿನ ಫಸ್ಟ್ ಆಲ್ಬಂ. ಗರ್ಲ್‌ಫ್ರೆಂಡ್ ಬಿಟ್ಟು ಹೋದ್ಲಂತ ಹಾಡ್ತಿದ್ದಾನೆ," ಎಂದಳು ಮಗಳು.

ಝೊಹರಾಬಿ ಸೋಫಾದಲ್ಲಿ ಕೂತು ಕೊನೆಯವರೆಗೂ ಕೇಳಿದರು. ಆಮೇಲೆ ಶಾಲಿನಲ್ಲಿ ಕಣ್ಣೊರೆಸಿಕೊಂಡು, "ಪಾಪ, ಇವನ ಉಮ್ಮನಿಗೆ, ಹೆತ್ತ ತಾಯಿಗೆ ಗೊತ್ತುಂಟಾ? ಎರಡನೇ ಆಲ್ಬಂ ಬರುವಾಗ ಆದ್ರೂ ಮದುವೆ ಆಗಿದ್ಯಾ?" ಎಂದು ಕೇಳಿದರು.

ಮಗಳು ಹಾಡು ನಿಲ್ಲಿಸಿ ಕೋಣೆಯ ಬಾಗಿಲು ಹಾಕಿಕೊಂಡಳು. ತನ್ನನ್ನು ಯಾರೂ ಅರ್ಥಮಾಡಿಕೊಳ್ಳುವುದಿಲ್ಲ ಎನ್ನುವ ದುಃಖಕ್ಕಾಗಿಯೇ ಅವಳು ಆ ಬ್ಯಾಂಡನ್ನು ಕೇಳುತ್ತಿದ್ದದ್ದು. ಈಗ ಆ ಹಾಡು ಝೊಹರಾಬಿಗೇ ಅರ್ಥವಾಗಿಬಿಟ್ಟಿದೆ. ಪಾಪ, ಅವಳು ಬೇರೆ ಬ್ಯಾಂಡ್ ಹುಡುಕಿಕೊಳ್ಳಬೇಕು.