ಝೀಟಾ ಬಾಯಿಯ ಮಲ್ಲಿಗೆ ಕುಡಿದದ್ದು

ಉಡುಪಿ ಹತ್ತಿರದ ಶಂಕರಪುರದಲ್ಲಿ ಮಲ್ಲಿಗೆ ಇಲ್ಲದ ಅಂಗಳವನ್ನು ಹುಡುಕಬೇಕು. ಆದರೆ ಗಿಡಕ್ಕೆ ಎಂತ ಹಾಕುತ್ತೀರಿ ಎಂದು ಯಾರನ್ನೇ ಕೇಳಿ, ಸೆಗಣಿ, ಕಡಲೆ ಹಿಂಡಿ ಎಂದು ಹೇಳಿ ಮಾತು ತಿರುಗಿಸುತ್ತಾರೆ.

ಝೀಟಾ ಬಾಯಿ ಉಚ್ಚಿಲದಿಂದ ಮೀನಿನ ತಲೆ, ಕರುಳು ತರಿಸಿ, ಬೆಲ್ಲ ಬೆರೆಸಿ ಡ್ರಮ್ಮಿನಲ್ಲಿ ಕೊಳೆಸಿ, ಆ ನೀರನ್ನು ತೆಳ್ಳಗೆ ಮಾಡಿ ಬುಡಕ್ಕೆ ಹೊಯ್ಯುತ್ತಿದ್ದರು. ಊರಲ್ಲೇ ಒಳ್ಳೆಯ ಮೊಗ್ಗು ಅವರದ್ದು. ಗುಟ್ಟು ಮಾತ್ರ ಹೇಳುವಂತಿರಲಿಲ್ಲ. ಊರಿನ ಮಲ್ಲಿಗೆ ಕಟ್ಟೆಯಲ್ಲಿ ಮಾರುವ ಹೂವು ದೇವರ ಮುಡಿಗೆ ಹೋಗುವುದು. ಮೀನು ಎಂಬ ಮಾತು ಬಿದ್ದರೆ ಅದನ್ನು ಮುಟ್ಟುವವರು ಯಾರು? ತಿಳಿದಿದ್ದವನು ತಮ್ಮ ಅಲೋಶಿಯಸ್ ಒಬ್ಬನೇ. ತಾಯಿ ಸತ್ತ ಮೇಲೆ ಅವನನ್ನು ಸಾಕಿದ್ದೇ ಝೀಟಾ ಬಾಯಿ.

ಎರಡು ಸಾವಿರದ ಐದರ ಸುಮಾರಿಗೆ ಈ ತಮ್ಮ ಮಸ್ಕತ್ತಿನಿಂದ ಬಂದು ಗಿಡದ ಟಾನಿಕ್ಕಿನ ಏಜೆಂಟನಾದ. ಕಡಲ ಪಾಚಿಯ ರಸವಂತೆ, ಬೇರೆ ಗೊಬ್ಬರವೇ ಬೇಡವಂತೆ. ಒಳ್ಳೆಯ ಪಾಚಿರಸವನ್ನು ನಾನು ಹಳಿಯುವುದಿಲ್ಲ, ಕಾರ್ಕಳದ ಕಡೆ ಭತ್ತಕ್ಕೆ ಹೊಡೆದು ಫಲ ಕಂಡವರಿದ್ದಾರೆ. ಅವರೂ ಗೊಬ್ಬರ ಬಿಟ್ಟವರಲ್ಲ. ಈ ಮಹಾಶಯನ ಬಾಟಲಿಯಲ್ಲಿದ್ದದ್ದು ಬರೀ ಬಣ್ಣದ ನೀರು.

ಒಂದು ದಿನ ಅವನು ಊರಿನ ಹೆಂಗಸರನ್ನೆಲ್ಲ ಅಕ್ಕನ ಅಂಗಳಕ್ಕೆ ಕರೆತಂದ. ಗಿಡ ತೋರಿಸಿ, "ಇದೆಲ್ಲ ಈ ಬಾಟಲಿಯ ಮಹಿಮೆ" ಎಂದ. ಎಲ್ಲರೂ ಹೋದ ಮೇಲೆ ಝೀಟಾ ಬಾಯಿ ಅವನನ್ನು ಹಿಡಿದು ನಿಲ್ಲಿಸಿದರು.

"ನಾನು ಅದರ ಮುಚ್ಚಳ ತೆಗೆದದ್ದುಂಟಾ? ಎಂತಕ್ಕೆ ಸುಳ್ಳು ಹೇಳಿದೆ ನೀನು?"

"ಹಾಗಾದರೆ ಮೀನಿನ ನೀರು ಅಂತ ಕಟ್ಟೆಯಲ್ಲಿ ಹೋಗಿ ಹೇಳಿ ಅಕ್ಕ" ಎಂದು ನಕ್ಕ.

ಅನ್ನ ಕಲಸಿ ತಿನ್ನಿಸಿದವರಿಗೆ ಹೇಳುವ ಮಾತಾ ಇದು? ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮರುದಿನ ಪಕ್ಕದ ಮನೆಯ ಕುಶಲಾ ಹೂವು ಕಟ್ಟಲು ಬಂದಳು. ಮದುವೆಯಾಗಿ ಬಂದಾಗಿನಿಂದ ಅವಳು ಕೂತು ಕಟ್ಟುವುದು ಝೀಟಾ ಬಾಯಿಯ ಜಗಲಿಯಲ್ಲೇ.

"ಅವರಿವರ ಮಾತು ಬೇಡ ಬಾಯಿ, ನೀವು ಹೇಳಿ. ಆ ಬಾಟಲಿ ಹೌದಾ?"

ಝೀಟಾ ಬಾಯಿ ಬಾಳೆನಾರಿನಿಂದ ಕಣ್ಣೆತ್ತದೆ "ಹೌದು" ಎಂದರು.

ಮುಂದಿನ ಹಂಗಾಮಿಗೆ ಕುಶಲಾಳ ಗಿಡಗಳು ಹಳದಿಯಾದವು, ಅಕ್ಕಿಕಾಳಿನಷ್ಟಿದ್ದಾಗಲೇ ಮೊಗ್ಗು ಉದುರಿತು. ಬಾಟಲಿ ಕೊಂಡ ಎಲ್ಲರ ಕಥೆಯೂ ಅದೇ. ಅಲೋಶಿಯಸ್ ಅಕ್ಕನಿಗೂ ಹೇಳದೆ ಮಸ್ಕತ್ತಿಗೆ ಹಾರಿದ್ದ.

ಝೀಟಾ ಬಾಯಿಗೆ ತಡೆಯಲಾಗಲಿಲ್ಲ. ಜಗಲಿಯಲ್ಲಿ ಕುಶಲಾಳ ಕೈ ಹಿಡಿದು, "ನನ್ನ ಗಿಡ ಕುಡಿದದ್ದು ಮೀನಿನ ನೀರು ಮಾರಾಯ್ತಿ, ಬಾಟಲಿ ಅಲ್ಲ" ಎಂದು ಅತ್ತರು.

ಕುಶಲಾ ಕೈ ಬಿಡಿಸಿಕೊಂಡಳು.

"ಮೀನಿನ ನೀರು ನಾನೂ ಹಾಕುತ್ತಿದ್ದೆ ಬಾಯಿ, ನಿಮಗೂ ಗೊತ್ತಾಗದ ಹಾಗೆ. ನೀವು ಹೌದು ಅಂದಿರಲ್ಲ, ಅದಕ್ಕೇ ನಿಲ್ಲಿಸಿದೆ."

ತನ್ನ ಬಾಳೆನಾರಿನ ಕಟ್ಟನ್ನು ಎತ್ತಿಕೊಂಡು ಅವಳು ಮನೆಗೆ ಹೋದಳು. ಆಮೇಲೆ ಆ ಜಗಲಿಯಲ್ಲಿ ಝೀಟಾ ಬಾಯಿ ಒಬ್ಬರೇ ಹೂವು ಕಟ್ಟಿದರು.